ನೋವು ಬೆಳೆಸುತ್ತದೆಯೆ?

೧

ದಲಿತ ಲೇಖಕರ ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. 'ಇವರು ಉಂಡ ನೋವೇ ಇವರನ್ನು ಈ ಎತ್ತರಕ್ಕೆ ಬೆಳೆಸಿತು' ಎಂದು ಅಧ್ಯಕ್ಷರು ಹೇಳುತ್ತಾರೆ, ಮುಂದಿನ ಸಾಲಿನವರು ತಲೆದೂಗುತ್ತಾರೆ. ಚಿನ್ನವನ್ನು ಪುಟಕ್ಕಿಟ್ಟರೆ ಹೊಳಪು, ಗಂಧವನ್ನು ತೇದರೆ ಪರಿಮಳ, ಕಬ್ಬನ್ನು ಗಾಣಕ್ಕೆ ಕೊಟ್ಟರೆ ಸಿಹಿ. ಹೋಲಿಕೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ತೇಯುವ ಕೈ ಯಾರದು, ಗಾಣ ಯಾರದು, ಬಂದ ಬೆಲ್ಲ ಯಾರ ಮನೆ ಸೇರಿತು ಅಂತ ಯಾರೂ ಕೇಳೋದಿಲ್ಲ.

ಇದನ್ನು ಹೊಗಳಿಕೆ ಅಂತಲೇ ನಂಬಿ ನಾವೂ ಚಪ್ಪಾಳೆ ತಟ್ಟುತ್ತೇವೆ. ಸ್ವಲ್ಪ ನಿಂತು ಯೋಚಿಸಬೇಕು. ನೋವು ತಾನಾಗಿಯೇ ಮನುಷ್ಯನನ್ನು ಬೆಳೆಸುವುದಾದರೆ ಕೇರಿಯ ಒಂದೊಂದು ಗುಡಿಸಲಿನಿಂದಲೂ ಒಬ್ಬೊಬ್ಬ ಕವಿ ಎದ್ದು ಬರಬೇಕಿತ್ತು. ಜೀತದ ಹಟ್ಟಿಗಳೆಲ್ಲ ವಿಶ್ವವಿದ್ಯಾನಿಲಯಗಳಾಗಬೇಕಿತ್ತು. ಹಾಗಾಗಿಲ್ಲ. ಬಹುಪಾಲು ಜನ ನೋವನ್ನು ನುಂಗಿ, ನೋವಿನಲ್ಲೇ ಸವೆದು, ಹೆಸರಿಲ್ಲದೆ ಮಣ್ಣಾಗಿ ಹೋಗಿದ್ದಾರೆ. ಇನ್ನೊಂದು ಅಪಾಯವೂ ಈ ಮಾತಿನಲ್ಲಿದೆ. ನೋವೇ ಗುರು ಅನ್ನುವುದಾದರೆ ನೋವು ಕೊಟ್ಟವನು ಗುರುವಿಗೂ ಗುರುವಾದ. ಅವನಿಗೆ ದಕ್ಷಿಣೆ ಕೊಡೋದೊಂದು ಬಾಕಿ!

ಆದರೂ ಕೆಲವರು ಬೆಳೆದದ್ದು ಸುಳ್ಳಲ್ಲ. ಪೆಟ್ಟು ತಿಂದ ಜಾಗದಿಂದಲೇ ಎದ್ದು, ಮೊದಲಿಗಿಂತ ದೊಡ್ಡ ಮನುಷ್ಯರಾದವರನ್ನು ನಾವು ಕಂಡಿದ್ದೇವೆ. ಹಾಗಾದರೆ ಅವರನ್ನು ಬೆಳೆಸಿದ್ದು ಯಾವುದು? ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಕೊಂಡಿಲ್ಲ. ದಲಿತ ಆತ್ಮಕಥನಗಳನ್ನು ಓದುವ ರೀತಿ ಈ ಪ್ರಶ್ನೆಯ ಮೇಲೆ ನಿಂತಿದೆ. ಹಳ್ಳಿಯ ಶಾಲೆಯಲ್ಲಿ ಅವಮಾನ ತಿಂದು ಕೂತ ಮಗುವಿನ ಮುಂದೆ ಮೇಷ್ಟ್ರು ಏನು ಮಾಡಬೇಕು ಅನ್ನೋದೂ ಇದರ ಮೇಲೇ ನಿಂತಿದೆ.

೨

ಮನಶ್ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. ಕನ್ನಡದಲ್ಲಿ ಆಘಾತೋತ್ತರ ಬೆಳವಣಿಗೆ ಅನ್ನಬಹುದು. ಅಮೆರಿಕದ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕ್ಯಾಲ್ಹೂನ್ ಎಂಬಿಬ್ಬರು ೧೯೯೦ರ ದಶಕದಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟರು. ೧೯೯೬ರಲ್ಲಿ ೨೧ ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿ, ಬೆಳವಣಿಗೆಯನ್ನು ೫ ಬಗೆಯಾಗಿ ವಿಂಗಡಿಸಿದರು: ಜನರೊಂದಿಗಿನ ಸಂಬಂಧ ಗಾಢವಾಗುವುದು, ಹೊಸ ದಾರಿ ಕಾಣುವುದು, ತನ್ನ ಶಕ್ತಿಯ ಅರಿವಾಗುವುದು, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆ ತಿಳಿಯುವುದು.

ಇವರ ಮಾತನ್ನು ಅರ್ಧ ಕೇಳಿ ಓಡಿದವರೇ ಹೆಚ್ಚು. ವ್ಯಕ್ತಿತ್ವ ವಿಕಸನದ ಭಾಷಣಕಾರರು 'ಕಷ್ಟ ಬಂದರೆ ಒಳ್ಳೆಯದೇ' ಅನ್ನುವುದಕ್ಕೆ ಇವರ ಹೆಸರನ್ನು ಬಳಸುತ್ತಾರೆ. ಆದರೆ ಇವರು ಹೇಳಿದ್ದೇ ಬೇರೆ. ಬೆಳೆಸುವುದು ಆಘಾತವಲ್ಲ, ಆಘಾತದ ನಂತರ ಮನುಷ್ಯ ನಡೆಸುವ ಹೋರಾಟ. ಬೆಳೆದ ಮಾತ್ರಕ್ಕೆ ನೋವು ಹೋಗುವುದಿಲ್ಲ, ಎರಡೂ ಒಂದೇ ಎದೆಯಲ್ಲಿ ಇರುತ್ತವೆ. ಎಲ್ಲರೂ ಬೆಳೆಯಲೇಬೇಕು ಎಂಬ ನಿಯಮವೂ ಇಲ್ಲ.

ಆ ಹೋರಾಟಕ್ಕೆ ಏನೇನು ಒದಗಬೇಕು ಅನ್ನುವುದನ್ನೂ ಅವರು ಹೇಳಿದ್ದಾರೆ. ಮೊದಲನೆಯದು ಮೆಲುಕು. ಪೆಟ್ಟು ತಿಂದ ಮನಸ್ಸಿಗೆ ನೆನಪು ಕರೆಯದೆಯೂ ನುಗ್ಗುತ್ತದೆ, ನಿದ್ದೆ ಕೆಡಿಸುತ್ತದೆ. ಅದು ಕೊಲ್ಲುವ ಮೆಲುಕು. ಕಾಲ ಸರಿದಂತೆ ಕೆಲವರಿಗೆ ಬೇಕೆಂದೇ ಕೂತು ಯೋಚಿಸುವುದು ಸಾಧ್ಯವಾಗುತ್ತದೆ: ಇದು ಯಾಕೆ ಆಯಿತು, ಇನ್ನು ನಾನು ಹೇಗೆ ಬದುಕಲಿ? ಇದು ಅರಗಿಸುವ ಮೆಲುಕು. ಎರಡನೆಯದು ಹೇಳಿಕೊಳ್ಳುವುದು. ಹೇಳಿಕೊಳ್ಳಬೇಕಾದರೆ ಅಡ್ಡ ಬಾಯಿ ಹಾಕದೆ, ಬುದ್ಧಿ ಹೇಳದೆ ಕೇಳುವ ಕಿವಿ ಬೇಕು. ಮೂರನೆಯದು, ನಡೆದದ್ದನ್ನೆಲ್ಲ ಸೇರಿಸಿ ತನ್ನ ಬದುಕಿನ ಕಥೆಯನ್ನು ಹೊಸದಾಗಿ ಕಟ್ಟಿಕೊಳ್ಳುವುದು. ಇವಾವುದೂ ಒಂಟಿಯಾಗಿ ಆಗುವ ಕೆಲಸವಲ್ಲ ಅನ್ನೋದನ್ನ ಗಮನಿಸಬೇಕು.

ಈ ಪ್ರಶ್ನಾವಳಿಯನ್ನು ಅನುಮಾನಿಸಿದವರೂ ಇದ್ದಾರೆ. ಪೆಟ್ರೀಷಿಯಾ ಫ್ರೇಜಿಯರ್ ಮತ್ತು ಸಂಗಡಿಗರು ಆಘಾತಕ್ಕೆ ಮೊದಲೂ ನಂತರವೂ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 'ನಾನು ಬೆಳೆದೆ' ಎಂದು ಜನ ಹೇಳಿಕೊಳ್ಳುವುದಕ್ಕೂ ಅವರಲ್ಲಿ ನಿಜವಾಗಿ ಆದ ಬದಲಾವಣೆಗೂ ಹೆಚ್ಚು ತಾಳೆ ಬೀಳುವುದಿಲ್ಲ ಎಂದು ಅದು ತೋರಿಸಿತು. ಬಾಯಿಮಾತಿನ ಬೆಳವಣಿಗೆ ಬೇರೆ, ಬದುಕಿನ ಬೆಳವಣಿಗೆ ಬೇರೆ.

೩

ಸಾಹಿತ್ಯಕ್ಕೆ ಬರೋಣ. ನವ್ಯರಿಗೆ ಬಿಕ್ಕಟ್ಟು ಅಂದರೆ ಪ್ರೀತಿ. ಒಬ್ಬ ಮನುಷ್ಯ, ಅವನ ನಂಬಿಕೆಗಳ ಕುಸಿತ, ಆ ಕುಸಿತದಿಂದ ಮೂಡುವ ಹೊಸ ಅರಿವು. ಇದೇ ಅವರ ಮಾದರಿ. ಅನಂತಮೂರ್ತಿಯವರ 'ಸಂಸ್ಕಾರ' (೧೯೬೫) ಇದಕ್ಕೆ ಹೆಸರಾದ ಕೃತಿ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ, ಪ್ರಾಣೇಶಾಚಾರ್ಯರ ಲೋಕ ಒಡೆಯುತ್ತದೆ, ಅವರ ಒಳತೋಟಿಯನ್ನು ಕಾದಂಬರಿ ಪುಟಗಟ್ಟಲೆ ಹಿಂಬಾಲಿಸುತ್ತದೆ. ಕೃತಿಯ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಪ್ಲೇಗು ಕೇರಿಗೂ ಬಂದಿದೆ. ಅಲ್ಲಿಯೂ ಜನ ಸಾಯುತ್ತಿದ್ದಾರೆ, ಹೆಣದ ಜೊತೆಗೇ ಗುಡಿಸಲಿಗೆ ಬೆಂಕಿ ಬೀಳುತ್ತದೆ. ಬೆಳ್ಳಿ ಎಂಬ ಹುಡುಗಿ ಅಪ್ಪ ಅವ್ವನನ್ನು ಕಳೆದುಕೊಳ್ಳುತ್ತಾಳೆ. ಆಕೆಗೆ ಒಳತೋಟಿ ಇಲ್ಲವೆ? ಆಕೆಯ ಲೋಕ ಒಡೆಯಲಿಲ್ಲವೆ? ಕೃತಿ ಅಲ್ಲಿ ನಿಲ್ಲುವುದಿಲ್ಲ. ಅಗ್ರಹಾರದ ಸಾವು ಪ್ರಶ್ನೆಯಾಗುತ್ತದೆ, ಕೇರಿಯ ಸಾವು ಹಿನ್ನೆಲೆಯಾಗುತ್ತದೆ.

ಇದು ಒಬ್ಬ ಲೇಖಕರ ಮೇಲಿನ ದೂರಲ್ಲ. ಯಾರ ಆಘಾತವನ್ನು ಆಘಾತವೆಂದು ಎಣಿಸಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆ. ಮನಶ್ಶಾಸ್ತ್ರವೂ ಇದೇ ಗುಂಡಿಗೆ ಬಿದ್ದಿದೆ. ರಾನಿ ಜನೋಫ್-ಬುಲ್ಮನ್ ಎಂಬಾಕೆ ೧೯೯೨ರ ತನ್ನ ಪುಸ್ತಕದಲ್ಲಿ ಹೀಗೆ ವಾದಿಸಿದರು: ಮನುಷ್ಯನಿಗೆ ಮೂರು ಮೂಲ ನಂಬಿಕೆಗಳಿರುತ್ತವೆ. ಲೋಕ ಒಳ್ಳೆಯದು, ಲೋಕದಲ್ಲಿ ನ್ಯಾಯಕ್ಕೆ ಅರ್ಥವಿದೆ, ನಾನು ಯೋಗ್ಯ. ಆಘಾತ ಈ ಮೂರನ್ನೂ ಒಡೆಯುತ್ತದೆ. ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಕೂಡ ಆಘಾತವನ್ನು ಭೂಕಂಪಕ್ಕೆ ಹೋಲಿಸಿದರು. ಕಟ್ಟಡ ಬಿದ್ದ ಮೇಲೆ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುವುದೇ ಬೆಳವಣಿಗೆ.

ಸರಿ ಸ್ವಾಮಿ, ಆದರೆ ಕಟ್ಟಡವೇ ಇಲ್ಲದವನ ಗತಿ ಏನು? ಕೇರಿಯಲ್ಲಿ ಹುಟ್ಟಿದ ಮಗುವಿಗೆ 'ಲೋಕ ಒಳ್ಳೆಯದು' ಅಂತ ಯಾರು ಹೇಳಿಕೊಟ್ಟಿದ್ದರು? 'ನೀನು ಯೋಗ್ಯ' ಅಂತ ಯಾವ ದೇವಸ್ಥಾನ, ಯಾವ ಬಾವಿಕಟ್ಟೆ, ಯಾವ ಹೋಟೆಲಿನ ಬೇರೆ ಲೋಟ ಹೇಳಿತ್ತು? ಅದಕ್ಕೆ ಕಲಿಸಿದ್ದು ಉಲ್ಟಾ ಪಾಠ. 'ಇದು ನಿನ್ನ ಹಣೆಬರಹ, ಹಿಂದಿನ ಜನ್ಮದ ಕರ್ಮ, ದೂರ ನಿಲ್ಲು.' ಕೇರಿಯವನ ತಲೆಯೊಳಗೆ ಒಡೆಯಬೇಕಾಗಿರುವುದು ಒಳ್ಳೆಯ ನಂಬಿಕೆಯಲ್ಲ, ಈ ಕೆಟ್ಟ ನಂಬಿಕೆ. ಅದು ಒಡೆದಾಗಲೇ ಬೆಳವಣಿಗೆ ಶುರುವಾಗುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

೪

ಇದಕ್ಕೆ ಅಂಬೇಡ್ಕರರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರ ಸಣ್ಣ ಆತ್ಮಕಥನ ಅವರ ನಿಧನಾನಂತರ, ೧೯೯೦ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ೧೯೦೧ರ ಒಂದು ಪ್ರಯಾಣ ಬರುತ್ತದೆ. ಹೊಸ ಅಂಗಿ, ಜರಿ ಟೋಪಿ ಹಾಕಿಕೊಂಡ ಹುಡುಗರು ಅಪ್ಪನನ್ನು ನೋಡಲು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಮಹಾರರು ಅಂತ ತಿಳಿದದ್ದೇ ತಡ, ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಎರಡು ಪಟ್ಟು ಬಾಡಿಗೆ ಕೊಟ್ಟು ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಗುತ್ತದೆ. ಬುತ್ತಿಯಲ್ಲಿ ಅನ್ನವಿದೆ, ಕುಡಿಯಲು ನೀರಿಲ್ಲ. ನೀರು ಕೊಡುವವರಿಲ್ಲದೆ ಮಕ್ಕಳು ಹಸಿದೇ ಮಲಗುತ್ತಾರೆ.

ಈ ಘಟನೆ ಹೇಳಿದ ಮೇಲೆ ಅಂಬೇಡ್ಕರ್ ಬರೆಯುವ ವಿವರಣೆಯನ್ನು ನಮ್ಮ ವಿಮರ್ಶಕರು ಎರಡು ಸಲ ಓದಬೇಕು. ತಾನು ಅಸ್ಪೃಶ್ಯ ಅನ್ನುವುದು ಆ ಹುಡುಗನಿಗೆ ಮೊದಲೇ ಗೊತ್ತಿತ್ತು. ಶಾಲೆಯಲ್ಲಿ ಬೇರೆ ಕೂರುತ್ತಿದ್ದ, ತನ್ನ ಗೋಣಿತಟ್ಟನ್ನು ತಾನೇ ಮನೆಗೆ ಹೊತ್ತು ತರುತ್ತಿದ್ದ. ಅದೆಲ್ಲ ಲೋಕದ ರೂಢಿ ಅಂದುಕೊಂಡಿದ್ದ. ಮಸೂರಿನ ದಾರಿಯ ಪೆಟ್ಟು ಅದನ್ನು ರೂಢಿಯ ಪಟ್ಟಿಯಿಂದ ಕಿತ್ತು ಪ್ರಶ್ನೆಯ ಪಟ್ಟಿಗೆ ಹಾಕಿತು. ಒಡೆದದ್ದು ಒಳ್ಳೆಯ ಲೋಕವಲ್ಲ, ಕೆಟ್ಟ ಲೋಕ ಸಹಜವೆಂಬ ಭ್ರಮೆ.

ಹಾಗಂತ ಆ ಗಾಡಿವಾನನೋ ಸ್ಟೇಷನ್ ಮಾಸ್ತರನೋ ಅಂಬೇಡ್ಕರರನ್ನು ಬೆಳೆಸಿದ ಅನ್ನೋಣವೆ? ೧೯೦೧ಕ್ಕೂ ೧೯೨೭ಕ್ಕೂ ನಡುವೆ ೨೬ ವರ್ಷಗಳಿವೆ. ಆ ವರ್ಷಗಳಲ್ಲಿ ಓದಿಸಲೇಬೇಕೆಂದು ಹಟ ಹಿಡಿದ ಅಪ್ಪ ರಾಮ್‌ಜಿ ಇದ್ದಾರೆ. ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟ ಕೇಳುಸ್ಕರ್ ಗುರುಗಳಿದ್ದಾರೆ. ಬರೋಡಾದ ವಿದ್ಯಾರ್ಥಿವೇತನವಿದೆ, ೧೯೧೩ರಲ್ಲಿ ಸೇರಿದ ಕೊಲಂಬಿಯಾ ವಿಶ್ವವಿದ್ಯಾನಿಲಯವಿದೆ. ಇವೆಲ್ಲ ಇಲ್ಲದೆ ಇದ್ದಿದ್ದರೆ ಆ ಪೆಟ್ಟು ಬರೀ ಪೆಟ್ಟಾಗಿ ಉಳಿಯುತ್ತಿತ್ತು. ಅದೇ ದಾರಿಯಲ್ಲಿ ನೀರಿಲ್ಲದೆ ಹೋದ ಬೇರೆ ಮಕ್ಕಳ ಹೆಸರು ನಮಗೆ ಗೊತ್ತೆ?

೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಗೆ ಅಂಬೇಡ್ಕರ್ ಇಳಿದಾಗ ಅವರ ಹಿಂದೆ ದೊಡ್ಡ ಜನಸಮೂಹವಿತ್ತು. ನೀರು ಕುಡಿದದ್ದು ಒಬ್ಬನ ಬಾಯಾರಿಕೆ ತೀರಿಸಲು ಅಲ್ಲ. ಮೇಲ್ಜಾತಿಯವರು ಹೊಡೆದರು, ಕೆರೆಯನ್ನು 'ಶುದ್ಧಿ' ಮಾಡಿದರು. ಡಿಸೆಂಬರ್ ೨೫ರಂದು ಅಲ್ಲೇ ಮನುಸ್ಮೃತಿ ಸುಟ್ಟಿತು. ಕೆರೆಯ ಹಕ್ಕು ಕೋರ್ಟಿನಲ್ಲಿ ಗಟ್ಟಿಯಾಗುವ ಹೊತ್ತಿಗೆ ೧೯೩೭ ಬಂದಿತ್ತು. ಬೆಳವಣಿಗೆ ಅನ್ನೋದು ಎದೆಯೊಳಗಿನ ಮಾತು ಮಾತ್ರವಲ್ಲ, ಕೆರೆ ದಂಡೆಯ ಮಾತೂ ಹೌದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಾಗಿಲ್ಲ.

೫

ಕನ್ನಡದ ಆತ್ಮಕಥನಗಳಲ್ಲಿ ಈ ಕೆಲಸ ಹೇಗೆ ನಡೆದಿದೆ?

ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿರುವ ದೃಶ್ಯ ಬರುತ್ತದೆ. ಅವರಲ್ಲೊಬ್ಬ ಹುಡುಗನ ಅಪ್ಪ. ಲೇಖಕರು ಅಲ್ಲಿ ಭಾಷಣ ಮಾಡುವುದಿಲ್ಲ, ಹೇಳಿ ಮುಂದಕ್ಕೆ ಹೋಗುತ್ತಾರೆ. ಪುಸ್ತಕದ ತುಂಬ ನಗು ಇದೆ. ದೆವ್ವ, ಸ್ಮಶಾನ, ಹಾಸ್ಟೆಲಿನ ಫಜೀತಿಗಳು. ಈ ನಗು ನೋಡಿ ಕೆಲವರಿಗೆ ನೆಮ್ಮದಿಯಾಯಿತು. 'ನೋಡಿ, ಕಹಿಯೇ ಇಲ್ಲ, ಎಲ್ಲವನ್ನೂ ಕ್ಷಮಿಸಿಬಿಟ್ಟಿದ್ದಾರೆ' ಅಂದರು. ಕ್ಷಮೆ ಎಲ್ಲಿ ಕಂಡಿತೋ ಗೊತ್ತಿಲ್ಲ. ಇದೇ ಕೈ ೧೯೭೫ರಲ್ಲಿ 'ಹೊಲೆಮಾದಿಗರ ಹಾಡು' ಬರೆದಿತ್ತು. ಆ ಸಿಟ್ಟೂ ಈ ನಗುವೂ ಒಂದೇ ಮರದವು. ನೋವನ್ನು ಎದೆಗೊತ್ತಿಕೊಂಡಿರುವವನಿಗೆ ನೋವು ಕಾಣುವುದಿಲ್ಲ. ಒಂದು ಮಾರು ದೂರ ಇಟ್ಟು ನೋಡಿದರೆ ಕಾಣುತ್ತದೆ. ನಗು ಕೊಡುವುದು ಆ ಒಂದು ಮಾರು ದೂರ. ಆ ದೂರದಲ್ಲಿ ನಿಂತು ನೋಡಿದಾಗ ನಗೆಪಾಟಲಾಗುವವನು ನೊಗ ಹೊತ್ತವನಲ್ಲ, ಹೊರಿಸಿದವನು.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (೧೯೯೪) ಇನ್ನೊಂದು ದಾರಿ ಹಿಡಿಯಿತು. ಮೀಸಲಾತಿಯಿಂದ ಓದಿದವರನ್ನು ಚುಚ್ಚಲು ಬಳಸುತ್ತಿದ್ದ ಮಾತನ್ನೇ ಎತ್ತಿಕೊಂಡು ಪುಸ್ತಕದ ಹಣೆಗೆ ಅಂಟಿಸಿತು. ಬೈಗುಳ ಕೈ ಬದಲಾಯಿಸಿದರೆ ಅದರ ಮೊನೆಯ ದಿಕ್ಕೂ ಬದಲಾಗುತ್ತದೆ. ನಾಚಿಕೆ ಪಡಬೇಕಾದವರು ಯಾರು ಎಂಬ ಲೆಕ್ಕ ತಿರುಗಿಬಿತ್ತು. ಮನಶ್ಶಾಸ್ತ್ರದವರು ಬದುಕಿನ ಕಥೆ ಹೊಸದಾಗಿ ಕಟ್ಟುವುದು ಎನ್ನುವುದನ್ನು ಈ ಪುಸ್ತಕ ಶೀರ್ಷಿಕೆಯಲ್ಲೇ ಮಾಡಿ ಮುಗಿಸಿದೆ.

ಹೆಣ್ಣಿನ ಪಾಲಿಗೆ ಈ ಕಥೆ ಕಟ್ಟುವ ಕೆಲಸ ಇನ್ನೂ ಕಷ್ಟದ್ದು. ಮನೆಯೊಳಗೂ ಕೇಳುವ ಕಿವಿ ಕಡಿಮೆ. ನೆರೆಯ ತಮಿಳಿನಲ್ಲಿ ಬಾಮಾ ಅವರು ಕ್ರೈಸ್ತ ಸನ್ಯಾಸಿನಿಯರ ಮಠ ಬಿಟ್ಟು ಬಂದು, ೧೯೯೨ರಲ್ಲಿ 'ಕರುಕ್ಕು' ಬರೆದರು. ಕರುಕ್ಕು ಅಂದರೆ ತಾಳೆಗರಿಯ ಗರಗಸದಂಥ ಅಂಚು. ಅದನ್ನು ಅವರು ಪಂಡಿತರ ತಮಿಳಿನಲ್ಲಿ ಬರೆಯಲಿಲ್ಲ, ಕೇರಿಯ ಹೆಂಗಸರು ಆಡುವ ತಮಿಳಿನಲ್ಲಿ ಬರೆದರು. ಗಾಯ ಆದ ಭಾಷೆಯಲ್ಲೇ ಗಾಯವನ್ನು ಹೇಳಿಕೊಳ್ಳಬೇಕು ಅನ್ನುವುದು ಭಾಷೆಯ ಶೋಕಿಯಲ್ಲ, ಅದು ಗುಣವಾಗುವುದರ ಒಂದು ಭಾಗ.

ದೇವನೂರರ 'ಒಡಲಾಳ' ಆತ್ಮಕಥೆಯಲ್ಲ, ಆದರೂ ಇಲ್ಲಿ ಬೇಕು. ಸಾಕವ್ವನ ಮನೆಯಲ್ಲಿ ರಾತ್ರಿ ಎಲ್ಲರೂ ಬೆಂಕಿ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ. ಹಸಿವಿನ ಮನೆಯೊಳಗೆ ಒಂದು ರಾತ್ರಿಯ ಹಬ್ಬ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಪೊಲೀಸರು ಬಂದರು ಅನ್ನುವ ಕಾರಣಕ್ಕೆ ನವಿಲು ಹುಟ್ಟಲಿಲ್ಲ, ಅವರು ಬರುವುದಕ್ಕೆ ಮೊದಲೇ ಅದು ಅಲ್ಲಿತ್ತು. ಕೇರಿಯ ಜೀವಶಕ್ತಿ ದಬ್ಬಾಳಿಕೆಯ ಕೂಸಲ್ಲ. ದಬ್ಬಾಳಿಕೆ ಇದ್ದರೂ ಸಾಯದೆ ಉಳಿದದ್ದು. ನೋವು ಬೆಳೆಸಿತು ಅನ್ನುವವರು ಈ ವ್ಯತ್ಯಾಸವನ್ನು ತಿಳಿಯಬೇಕು.

ಈ ಲೇಖಕರ ಹಿಂದೆ ಹಾಸ್ಟೆಲುಗಳಿವೆ, ೧೯೭೩ರ ಬೂಸಾ ಪ್ರಕರಣದ ಬೀದಿಗಳಿವೆ, ಎಪ್ಪತ್ತರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಜಾಥಾಗಳಿವೆ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬ ತನ್ನೂರಿನ ಕಥೆ ಹೇಳಿದ, ಇನ್ನೊಬ್ಬ 'ನಮ್ಮೂರಲ್ಲೂ ಹಿಂಗೇ ಕಣೋ' ಅಂದ. ಆ ಕ್ಷಣಕ್ಕೆ ಹಣೆಬರಹ ಅನ್ನೋದು ಸತ್ತಿತು. ಎಲ್ಲರ ಹಣೆಯಲ್ಲೂ ಒಂದೇ ಬರಹ ಇದ್ದರೆ ಬರೆದವನು ಬ್ರಹ್ಮನಲ್ಲ, ಊರಗೌಡ ಅಂತ ಗೊತ್ತಾಯಿತು. ಅಮೆರಿಕದ ವೈದ್ಯೆ ಜೂಡಿತ್ ಹರ್ಮನ್ ೧೯೯೨ರಲ್ಲಿ 'ಟ್ರಾಮಾ ಅಂಡ್ ರಿಕವರಿ' ಎಂಬ ಪುಸ್ತಕ ಬರೆದರು. ಹಿಂದೆ ರಾಜಕೀಯ ಚಳುವಳಿ ಇಲ್ಲದಿದ್ದರೆ ಆಘಾತದ ಬಗ್ಗೆ ಮಾತಾಡುವುದೇ ನಿಂತುಹೋಗುತ್ತದೆ, ಸಮಾಜ ಮತ್ತೆ ಮತ್ತೆ ಮರೆಯುತ್ತದೆ ಎಂದು ಅದರಲ್ಲಿ ಅವರು ಚರಿತ್ರೆ ಕೊಟ್ಟು ತೋರಿಸಿದರು. ಅಲ್ಲಿಯ ಹೆಂಗಸರು ಅತ್ಯಾಚಾರದ ಬಗ್ಗೆ ಬಾಯಿಬಿಟ್ಟದ್ದು ಸ್ತ್ರೀ ಚಳುವಳಿಯ ಸಣ್ಣ ಸಣ್ಣ ಗುಂಪುಗಳಲ್ಲಿ. ನಮ್ಮಲ್ಲಿ ಆ ಕೆಲಸವನ್ನು ಕೇರಿಯ ಸಂಘ ಮಾಡಿತು, ಹೋರಾಟದ ಹಾಡು ಮಾಡಿತು. ಒಂಟಿಯಾಗಿ ಅಳುತ್ತಿದ್ದವನು ಗುಂಪಿನಲ್ಲಿ ದನಿ ಎತ್ತಿ ಹಾಡುವಾಗ ನೋವು ಅದೇ ಇರುತ್ತದೆ, ಆದರೆ ಅದರ ಒಡೆತನ ಬದಲಾಗುತ್ತದೆ.

೬

ಇಷ್ಟು ಹೇಳಿದ ಮೇಲೆ ಆ ಪರಿಕಲ್ಪನೆಯ ಬುಡಕ್ಕೇ ಒಂದು ಪ್ರಶ್ನೆ ಇಡಬೇಕು. ಆಘಾತೋತ್ತರ ಅನ್ನುತ್ತಾರೆ. ನಮಗೆ 'ಉತ್ತರ' ಅನ್ನೋದು ಯಾವಾಗ ಬಂತು?

ಅಂಬೇಡ್ಕರ್ ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬರೋಡಾಕ್ಕೆ ನೌಕರಿಗೆ ಬಂದಾಗ ಪಾರ್ಸಿ ವಸತಿಗೃಹದ ಮುಂದೆ ದೊಣ್ಣೆ ಹಿಡಿದ ಜನ ನಿಂತಿದ್ದರು. ಮಸೂರಿನ ಗಾಡಿ ಅಷ್ಟು ದೂರ ಬೆನ್ನು ಹತ್ತಿ ಬಂದಿತ್ತು. ೨೦೦೦ದ ಮಾರ್ಚ್ ೧೧ರಂದು ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ೭ ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ೨೦೦೬ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ೨೦೧೪ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಉಳಿದವರ ಮುಂದೆ ಆ ೨೧ ಹೇಳಿಕೆಗಳನ್ನು ಹಿಡಿದು 'ಘಟನೆಯ ನಂತರ ನಿಮ್ಮಲ್ಲಿ ಏನು ಬದಲಾವಣೆ?' ಅಂತ ಕೇಳಿ ನೋಡಿ. 'ಯಾವ ಘಟನೆ ಸ್ವಾಮಿ? ಬೆಂಕಿಯೋ, ತೀರ್ಪೋ?' ಎಂದು ಅವರು ತಿರುಗಿ ಕೇಳಿದರೆ ನಿಮ್ಮಲ್ಲಿ ಉತ್ತರ ಇದೆಯೆ? ಹರ್ಮನ್ ಗುಣವಾಗುವ ದಾರಿಯ ಮೊದಲ ಮೆಟ್ಟಿಲು ಸುರಕ್ಷತೆ ಅಂದರು. ನೆನೆಯುವುದು, ಅಳುವುದು, ಮತ್ತೆ ಜನರ ನಡುವೆ ಬರುವುದು ಎಲ್ಲ ಆಮೇಲೆ. ಕೊಂದವರ ಬೀದಿಯಲ್ಲೇ ನೀರಿಗೆ ಹೋಗಬೇಕಾದವರಿಗೆ ಆ ಮೊದಲ ಮೆಟ್ಟಿಲೇ ಇಲ್ಲ. ನ್ಯಾಯ ಅನ್ನೋದು ಮನಸ್ಸಿನ ಆರೋಗ್ಯದ ಹೊರಗಿನ ವಿಷಯ ಅಲ್ಲ, ಅದೇ ಮೊದಲ ಔಷಧಿ.

ಬೆಳೆಯದೆ ಹೋದವರ ವಿಷಯವನ್ನೂ ಹೇಳಬೇಕು. ೨೦೧೬ರ ಜನವರಿ ೧೭ರಂದು ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ರೋಹಿತ್ ವೇಮುಲ ನಮ್ಮನ್ನು ಬಿಟ್ಟು ಹೋದರು. ಅವರಿಗೆ ಓದಿತ್ತು, ಗೆಳೆಯರಿದ್ದರು, ಸಂಘಟನೆಯಿತ್ತು, ಬರೆಯುವ ಶಕ್ತಿಯಿತ್ತು. ನಾವು ಮೇಲೆ ಪಟ್ಟಿ ಮಾಡಿದ್ದರಲ್ಲಿ ಹೆಚ್ಚಿನವು ಇದ್ದವು. ಆದರೆ ವಿದ್ಯಾರ್ಥಿವೇತನ ನಿಂತಿತ್ತು, ಹಾಸ್ಟೆಲಿನಿಂದ ಹೊರಹಾಕಿದ್ದರು. 'ನೋವು ಬೆಳೆಸುತ್ತದೆ' ಎಂಬ ಮಾತು ಇಂಥವರ ಮುಂದೆ ಎಷ್ಟು ಕ್ರೂರ ನೋಡಿ. ಬೆಳೆದವನನ್ನು ಹೊಗಳುವ ನೆಪದಲ್ಲಿ ಅದು ಬೆಳೆಯಲಾರದೆ ಹೋದವನನ್ನು ದುರ್ಬಲ ಅನ್ನುತ್ತದೆ. ತಪ್ಪು ಮತ್ತೆ ಪೆಟ್ಟು ತಿಂದವನ ತಲೆಗೇ ಬರುತ್ತದೆ. ಕರ್ಮಸಿದ್ಧಾಂತ ಹಿಂದಿನ ಬಾಗಿಲಿನಿಂದ ಹೊಸ ಅಂಗಿ ತೊಟ್ಟು ಬರುವುದು ಹೀಗೆ.

ವಿಕ್ಟರ್ ಫ್ರಾಂಕಲ್ ನಾಜಿ ಶಿಬಿರಗಳಿಂದ ಬದುಕಿ ಬಂದು ೧೯೪೬ರಲ್ಲಿ ಬರೆದ ಪುಸ್ತಕವನ್ನು ಸಹನೆಯ ಉಪದೇಶಕ್ಕೆ ಬಳಸುವವರು ಬಹಳ. ತಪ್ಪಿಸಬಹುದಾದ ಸಂಕಟವನ್ನು ಸಹಿಸುವುದು ವೀರತನವಲ್ಲ, ಅದರ ಕಾರಣವನ್ನು ಕಿತ್ತುಹಾಕುವುದೇ ಅರ್ಥವುಳ್ಳ ಕೆಲಸ ಎಂದು ಅವರೇ ಹೇಳಿದ್ದಾರೆ. ಜಾತಿ ತಪ್ಪಿಸಲಾಗದ ಸಂಕಟವಲ್ಲ. ಅದು ಗುಡುಗು ಸಿಡಿಲಲ್ಲ, ಮನುಷ್ಯರು ದಿನಾ ಬೆಳಗ್ಗೆ ಎದ್ದು ಮಾಡುವ ಕೆಲಸ.

೭

ಹಳ್ಳಿಯ ಮೇಷ್ಟ್ರಿಗೆ ಇದರಿಂದ ಸಿಗುವ ದಾರಿ ಸರಳವಾದದ್ದು. ಬಿಸಿಯೂಟದಲ್ಲಿ ಒಂದು ಮಗುವನ್ನು ಬೇರೆ ಕೂರಿಸಿದರೆ, ಆ ಮಗುವನ್ನು ಪಕ್ಕಕ್ಕೆ ಕರೆದು 'ಚೆನ್ನಾಗಿ ಓದಿ ದೊಡ್ಡವನಾಗು, ಎಲ್ಲ ಸರಿಹೋಗುತ್ತೆ' ಅನ್ನಬೇಡಿ. ಅದಕ್ಕೆ ಹೇಳುವುದಿದ್ದರೆ ಮೊದಲು ಕೇಳಿ. ಆಮೇಲೆ ಇಡೀ ತರಗತಿಯ ಮುಂದೆ, ತಪ್ಪು ಈ ಮಗುವಿನದಲ್ಲ, ಕೂರಿಸಿದವರದು ಎಂದು ಹೆಸರು ಹಿಡಿದು ಹೇಳಿ. ನೀವು ಅದೇ ಸಾಲಿನಲ್ಲಿ ಕೂತು ಉಣ್ಣಿ. ಆ ಮಗುವಿನ ತಲೆಯಲ್ಲಿ ಒಡೆಯಬೇಕಾದದ್ದು ಒಡೆಯುವುದು ಅಲ್ಲಿ.

ಕಾರ್ಯಕರ್ತರು ದೌರ್ಜನ್ಯ ನಡೆದ ಊರಿಗೆ ಮೊದಲ ದಿನ ಹೋಗುತ್ತಾರೆ, ಧರಣಿ ಮಾಡುತ್ತಾರೆ. ಒಳ್ಳೆಯದು. ಆರು ತಿಂಗಳಾದ ಮೇಲೂ, ಸಾಕ್ಷಿ ಹೇಳುವ ದಿನವೂ ಹೋಗಬೇಕು. ಕೇಳುವ ಕಿವಿಗೆ ಬಹಳ ಕೆಲಸ ಇರುವುದು ಪತ್ರಕರ್ತರು ವಾಪಸಾದ ಮೇಲೆ.

ಇನ್ನು ವಿಮರ್ಶಕರು. ದಲಿತ ಆತ್ಮಕಥನವೊಂದು ಕೈಗೆ ಬಂದಾಗ ಗಾಯದ ಆಳವನ್ನು ಅಳೆಯುತ್ತ ಕೂರಬೇಡಿ. ಈತನಿಗೆ ಅಕ್ಷರ ಕಲಿಸಿದವರು ಯಾರು, ಫೀಜು ಕಟ್ಟಿದವರು ಯಾರು, ರಾತ್ರಿ ಕೂತು ಈತನ ಮಾತು ಕೇಳಿದವರು ಯಾರು, ಯಾವ ಸಂಘ ಈತನಿಗೆ 'ನಿನ್ನ ತಪ್ಪಲ್ಲ' ಅಂದಿತು, ಇವನ್ನು ಪುಟಗಳಲ್ಲಿ ಹುಡುಕಿ. ಬೆಳೆಸಿದ ಕೈಗಳು ಅಲ್ಲಿವೆ. ಆ ಹಾಸ್ಟೆಲು ಈಗಲೂ ಇದೆಯೆ, ಅದರ ಸೂರು ಸೋರುತ್ತಿದೆಯೆ, ಅಲ್ಲಿನ ಹುಡುಗರಿಗೆ ವಿದ್ಯಾರ್ಥಿವೇತನ ಹೊತ್ತಿಗೆ ಬರುತ್ತಿದೆಯೆ ಅನ್ನುವುದನ್ನೂ ವಿಚಾರಿಸಿ, ನಿಮ್ಮ ವಿಮರ್ಶೆಯಲ್ಲೇ ಬರೆಯಿರಿ.